ಹೊರಗಿನವರಿಗೆ ಮಾತ್ರ

ಬಡಗಿ ಅಳತೆಯ ಟೇಪನ್ನು ಪ್ರಯೋಗಶಾಲೆಯ ಗೋಡೆಯಿಂದ ಗೋಡೆಗೆ ಎಳೆದು, ನಡುವೆ ನಿಂತಿದ್ದ ಅವಳಿಗೆ ಸ್ವಲ್ಪ ಪಕ್ಕಕ್ಕೆ ಸರಿಯಲು ಹೇಳಿದ. ಅವಳು ಸರಿಯಲಿಲ್ಲ. ಏನು ಅಳೆಯುತ್ತಿದ್ದೀರಿ ಎಂದು ಕೇಳಿದಳು. ಇಲ್ಲಿ ಗಾಜಿನ ಗೋಡೆ ಬರುತ್ತದಂತೆ, ಆ ಮೂಲೆಯಲ್ಲಿ ಸೋಫಾ, ಈ ಗೋಡೆಗೆ ದೊಡ್ಡ ಪರದೆ, ಈ ಕಬ್ಬಿಣವೆಲ್ಲ ಗುಜರಿಗೆ ಹೋಗುತ್ತದಂತೆ ಎಂದು ಅವನು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತ ಹೇಳಿದ. ಅದರಲ್ಲಿ ಮುಚ್ಚಿಡುವಂಥದ್ದೇನೂ ಅವನಿಗೆ ಕಾಣಲಿಲ್ಲ. ಡೀನ್ ಸಾಹೇಬರ ಆಫೀಸಿನವರು ನಕ್ಷೆ ಕೊಟ್ಟಿದ್ದಾರೆ, ನೋಡ್ತೀರಾ ಎಂದೂ ಕೇಳಿದ.

ಅವಳು ನೋಡಿದಳು. ನಕ್ಷೆಯಲ್ಲಿ ಸೋಫಾ ಇತ್ತು, ಕುಂಡದ ಗಿಡಗಳಿದ್ದವು, ಕಾಫಿ ಯಂತ್ರಕ್ಕೂ ಒಂದು ಚೌಕವಿತ್ತು. ಅವಳ ಪ್ರಯೋಗದ ಕಬ್ಬಿಣದ ಚೌಕಟ್ಟುಗಳು ಎಲ್ಲೂ ಇರಲಿಲ್ಲ.

ವಿಶ್ವವಿದ್ಯಾಲಯದಲ್ಲಿ ಎಲ್ಲರೂ ಅವಳನ್ನು ತುಕ್ಕಮ್ಮ ಎನ್ನುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ. ಅವಳಿಗೂ ಅದು ಒಗ್ಗಿಹೋಗಿತ್ತು. ತುಕ್ಕು ಅವಳ ಕಸುಬು. ನದಿ ಸಮುದ್ರ ಸೇರುವ ಕಡೆ ಊರಿನ ಎರಡು ಭಾಗಗಳನ್ನು ಕೂಡಿಸುವ ತೂಗುಸೇತುವೆ ಒಂದಿತ್ತು. ಅದರ ದಪ್ಪ ಹಗ್ಗಗಳನ್ನು ಹೆಣೆದಿರುವುದು ಪೆನ್ಸಿಲ್ಲಿಗಿಂತ ಸಣ್ಣ ಉಕ್ಕಿನ ತಂತಿಗಳಿಂದ. ಉಪ್ಪುಗಾಳಿ ಹೊಡೆಯುತ್ತಿರುವಾಗ, ಮೇಲೆ ಬಸ್ಸು ಲಾರಿ ಓಡುತ್ತಿರುವಾಗ, ಆ ತಂತಿಗಳು ಒಳಗೊಳಗೇ ಹೇಗೆ ಬಿರಿಯುತ್ತವೆ, ಯಾವಾಗ ಹರಿಯುತ್ತವೆ ಎಂದು ತಿಳಿಯುವುದು ಅವಳ ಕೆಲಸ. ಸೇತುವೆ ಮಂಡಳಿಯವರು ರಿಪೇರಿ ಸಮಯದಲ್ಲಿ ಬಿಚ್ಚಿದ ಹನ್ನೆರಡು ತಂತಿಗಳನ್ನು ಅವಳಿಗೆ ಎರವಲು ಕೊಟ್ಟಿದ್ದರು. ಒಂದೊಂದನ್ನೂ ಕಬ್ಬಿಣದ ಚೌಕಟ್ಟಿಗೆ ಬಿಗಿದು, ಕೆಳತುದಿಯನ್ನು ಸನ್ನೆಗೋಲಿಗೆ ಸಿಕ್ಕಿಸಿ, ಸನ್ನೆಯ ಆ ಕಡೆ ತೂಕದ ಬಿಲ್ಲೆಗಳನ್ನು ಹೇರಿದ್ದಳು. ಮೇಲಿನ ಡಬ್ಬಿಯಿಂದ ಹತ್ತಿಯ ಬತ್ತಿಯ ಮೂಲಕ ಉಪ್ಪುನೀರು ತೊಟ್ಟಿಕ್ಕುತ್ತಿತ್ತು. ನಾಲ್ಕು ವರ್ಷದಿಂದ ಹೀಗೆಯೇ. ಅಷ್ಟರಲ್ಲಿ ಎರಡು ಹರಿದಿದ್ದವು. ಹರಿದಾಗ ಕಟ್ಟಡವೆಲ್ಲ ಬೆಚ್ಚಿಬೀಳುವ ಸದ್ದು. ಉಳಿದ ಹತ್ತು ಇನ್ನೂ ಎಳೆದುಕೊಂಡೇ ನಿಂತಿದ್ದವು. ಅವಸರ ಮಾಡುವ ಹಾಗಿಲ್ಲ, ನಡುವೆ ನಿಲ್ಲಿಸುವ ಹಾಗೂ ಇಲ್ಲ. ತೂಕ ಒಮ್ಮೆ ಇಳಿಸಿದರೆ ಬಿರುಕುಗಳು ಬಾಯಿ ಮುಚ್ಚಿಕೊಳ್ಳುತ್ತವೆ. ಮತ್ತೆ ಏರಿಸಿದರೆ ಅದು ಅದೇ ತಂತಿಯಲ್ಲ.

ಡೀನ್ ಅವಳ ಸಹಪಾಠಿ. ಇದೇ ಹಾಲ್‌ನಲ್ಲಿ, ಇದೇ ಚೌಕಟ್ಟುಗಳ ಮುಂದೆ ಇಬ್ಬರೂ ಕೈ ಕಪ್ಪು ಮಾಡಿಕೊಂಡು ಕಲಿತವರು. ಆಮೇಲೆ ಅವನು ಮೇಲಿನ ಮಹಡಿಗಳಿಗೆ ಹೋದ, ಅವಳು ಕೆಳಗೇ ಉಳಿದಳು. ಅವಳ ಕೆಲಸ ಇಂದಿಗೂ ತಾತ್ಕಾಲಿಕ. ಪ್ರತಿ ವರ್ಷ ಬೇಸಿಗೆ ರಜೆಯಲ್ಲಿ ಕೆಲಸ ಹೋಗುತ್ತಿತ್ತು, ಕಾಲೇಜು ತೆರೆಯುವ ಹೊತ್ತಿಗೆ ಮತ್ತೆ ಬರುತ್ತಿತ್ತು. ನಡುವಿನ ದಿನಗಳಲ್ಲಿ ಅವಳು ಯಾರೂ ಅಲ್ಲ. ಆಗಲೂ ಬಂದು ಡಬ್ಬಿಗಳಿಗೆ ನೀರು ತುಂಬಿ ಹೋಗುತ್ತಿದ್ದಳು.

ಅವಳು ಬಾಗಿಲು ತಟ್ಟದೆ ಒಳಗೆ ಹೋದಾಗ ಡೀನ್ ಎದ್ದುನಿಂತ.

"ನಿನಗೆ ಹೇಳ್ಬೇಕು ಅಂತಾನೇ ಇದ್ದೆ."

"ಬಡಗಿ ಹೇಳಿದ. ನಿನಗಿಂತ ಚೆನ್ನಾಗಿ ಹೇಳಿದ."

ಅವನು ಅವಳನ್ನು ಕೂರಿಸಿ ಎಲ್ಲ ವಿವರಿಸಿದ. ಜಗತ್ತಿನ ವಿಶ್ವವಿದ್ಯಾಲಯಗಳ ಶ್ರೇಯಾಂಕದ ಸಾಲಿನಲ್ಲಿ ದೇಶ ವರ್ಷವರ್ಷವೂ ಕೆಳಗಿಳಿಯುತ್ತಿತ್ತು. ಮಂತ್ರಿಗಳು ಸಭೆಯಲ್ಲಿ ಬೈಸಿಕೊಂಡಿದ್ದರು. ಚುರುಕಾದ ಹುಡುಗರು ಡಿಗ್ರಿ ಕೈಗೆ ಬಂದ ಕೂಡಲೇ ವಿಮಾನ ಹತ್ತುತ್ತಿದ್ದರು. ಅದಕ್ಕೇ ಸರ್ಕಾರ ಹೊಸ ಯೋಜನೆ ತಂದಿತ್ತು, ಲೋಕದ ಅತ್ಯುತ್ತಮ ಪ್ರತಿಭೆಗಳನ್ನು ಇಲ್ಲಿಗೆ ಕರೆತರುವುದು. ಈ ವರ್ಷದೊಳಗೆ ಒಬ್ಬರನ್ನಾದರೂ ತರದ ವಿಶ್ವವಿದ್ಯಾಲಯಕ್ಕೆ ಅನುದಾನ ಕಟ್. ಇವರ ಬಲೆಗೆ ಈಗ ಒಂದು ದೊಡ್ಡ ಮೀನು ಬಿದ್ದಿತ್ತು, ಲೋಹವಿಜ್ಞಾನದಲ್ಲಿ ಎಲ್ಲರೂ ತಲೆಬಾಗುವ ಒಬ್ಬ ಮಹಿಳೆಯ ಹೆಸರು. ಆ ಹೆಸರೊಂದು ಸೇರಿದರೆ ಸಾಲಿನಲ್ಲಿ ಮೂವತ್ತು ಮೆಟ್ಟಿಲು ಮೇಲೆ. ಆಕೆಗೆ ಕೊಡಲು ಬೆಳಕಿರುವ, ನೆಲಮಟ್ಟದ ದೊಡ್ಡ ಹಾಲ್ ಇದೊಂದೇ.

"ಹಾಗಾದ್ರೆ ನಾನೂ ಅದೇ ಯೋಜನೆಗೆ ಅರ್ಜಿ ಹಾಕ್ತೀನಿ."

ಡೀನ್ ಕನ್ನಡಕ ತೆಗೆದು ಒರೆಸತೊಡಗಿದ. "ಅದು ಹೊರಗಿನವರಿಗೆ ಮಾತ್ರ ಕಣೆ. ಅರ್ಜಿ ಹಾಕೋ ಮುಂಚೆ ಒಂದು ವರ್ಷವಾದ್ರೂ ಬೇರೆ ಕಡೆ ಕೆಲಸ ಮಾಡಿರಬೇಕು."

"ನಾನು ಇಲ್ಲೇ ಇದ್ದೆ. ಅದು ತಪ್ಪಾ?"

"ತಪ್ಪು ಅಂತ ಯಾರಂದ್ರು? ಅರ್ಹತೆ ಅಲ್ಲ, ಅಷ್ಟೆ."

ಅವಳಿಗೆ ನಗು ಬಂತು. ತಂತಿಗಳನ್ನು ಜೋಪಾನವಾಗಿ ಇಳಿಸಿ ಹಿಂದಿನ ಉಗ್ರಾಣದಲ್ಲಿ ಮತ್ತೆ ಏರಿಸಿಕೊಳ್ಳಬಹುದಲ್ಲ ಎಂದು ಅವನು ಅಂದ. ನೀನೂ ಇದನ್ನೇ ಓದಿದವನು, ಹಾಗೆ ಹೇಳೋಕೆ ನಾಚಿಕೆ ಆಗಲ್ವಾ ಎಂದು ಅವಳು ಕೇಳಿದಳು. ಅವನು ಕಿಟಕಿಯ ಕಡೆ ನೋಡಿದ. ಆಮೇಲೆ, ಜಗಳ ಮುಗಿಸಲೆಂದೋ ಏನೋ, ಮೆಲ್ಲಗೆ ಹೇಳಿದ: "ನಿನ್ನ ಕೆಲಸ ಎಂಥದ್ದು ಅಂತ ನನಗೆ ಗೊತ್ತು. ಆದ್ರೆ ಬೇಜಾರು ಮಾಡ್ಕೋಬೇಡ, ನಿನ್ನ ಹೆಸರು ಕೇಳಿ ಒಬ್ಬ ವಿದ್ಯಾರ್ಥೀನೂ ಈ ಊರಿಗೆ ರೈಲು ಹತ್ತಲ್ಲ."

ಅವಳು ಎದ್ದು ಬಂದಳು. ಅವನು ಸುಳ್ಳು ಹೇಳಿದ್ದರೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಮನೆಯಲ್ಲಿ ಅವಳ ಗಂಡ ಮುಂದಿನ ಕೋಣೆಯಲ್ಲೇ ಕಟ್ಟುಹಲ್ಲು ಮಾಡುತ್ತಿದ್ದ. ಊರಿನ ಮೂರು ದಂತವೈದ್ಯರಿಗೆ ಅವನೇ ಹಲ್ಲು ಒದಗಿಸುವವನು. ಮೇಜಿನ ಮೇಲೆ ಯಾರದೋ ಮೇಲ್ದವಡೆ, ಯಾರದೋ ಕೆಳದವಡೆ ಸಾಲಾಗಿ ನಗುತ್ತಿರುತ್ತಿದ್ದವು. ಮಾವ ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಸೊಸೆಯ ಸಂಶೋಧನೆ ಅವರಿಗೆ ಅರ್ಥವಾಗುತ್ತಿದ್ದುದು ಒಂದೇ ಪ್ರಶ್ನೆಯಲ್ಲಿ. ಅದನ್ನು ಊಟಕ್ಕೆ ಕೂತಾಗ ದಿನವೂ ಕೇಳುತ್ತಿದ್ದರು: ಇವತ್ತೂ ಹರೀಲಿಲ್ವೇನಮ್ಮಾ? ಆ ದಿನ ಅವರು ಕೇಳುವ ಮೊದಲೇ ಅವಳು ಎಲ್ಲ ಹೇಳಿಬಿಟ್ಟಳು. ಹೇಳುತ್ತ ಹೇಳುತ್ತ ಧ್ವನಿ ಏರಿತು. ಗಂಡ ಸಮಾಧಾನ ಮಾಡಲು ಹೋಗಿ, ಆರೋಗ್ಯ ಕೆಡಿಸ್ಕೋಬೇಡ, ಹೋದರೆ ಹೋಯ್ತು ಎಂದ. ಹೋದರೆ ಹೋಯ್ತು ಎನ್ನಲು ಅದೇನು ಛತ್ರಿಯೇ ಎಂದು ಅವನ ಮೇಲೆಯೇ ಹರಿಹಾಯ್ದಳು.

ಮಾವ ಊಟ ನಿಲ್ಲಿಸಿದರು. "ಅಲ್ಲಮ್ಮಾ, ಬಸ್ಸಲ್ಲಿ ಟಿಕೆಟ್ ತಗೊಂಡು ಕೂತಿರೋರನ್ನ ಇಳಿಸಿ, ರಸ್ತೇಲಿ ಕಾರಲ್ಲಿ ಹೋಗೋರನ್ನ ಬನ್ನಿ ಬನ್ನಿ ಅಂತ ಕೂಗಿ ಕರೆದ ಹಾಗಾಯ್ತಲ್ಲ ಇದು. ನನ್ನ ಸರ್ವೀಸಲ್ಲಿ ನಾನು ಹಾಗೆ ಮಾಡಿದ್ರೆ ಸಸ್ಪೆಂಡ್ ಮಾಡ್ತಿದ್ರು."

"ಇಲ್ಲಿ ಬಡ್ತಿ ಕೊಡ್ತಾರೆ, ಮಾವ," ಎಂದಳು.

ಅತಿಥಿ ವಿಜ್ಞಾನಿ ಬರುವ ವಾರ ಹಾಲ್‌ಗೆ ಸುಣ್ಣಬಣ್ಣವಾಯಿತು. ಚೌಕಟ್ಟುಗಳನ್ನು ಆಕೆ ಬಂದು ಹೋಗುವವರೆಗೆ ಮುಟ್ಟುವುದಿಲ್ಲ ಎಂದು ಡೀನ್ ಮಾತು ಕೊಟ್ಟಿದ್ದ. ಕೆಲಸ ನಡೆಯುತ್ತಿರುವಂತೆ ಕಂಡರೆ ಒಳ್ಳೆಯದು ಎಂಬುದು ಅವನ ಲೆಕ್ಕ. ಬಾಗಿಲಿಗೆ ಅಂಟಿಸಿದ್ದ ತುಕ್ಕಮ್ಮನ ಹೆಸರಿನ ಕಾಗದವನ್ನು ಬಣ್ಣ ಹೊಡೆಯುವವರು ಕೆರೆದು ತೆಗೆದರು. ಆ ಜಾಗದಲ್ಲಿ ಹಿತ್ತಾಳೆಯ ಫಲಕಕ್ಕೆ ನಾಲ್ಕು ರಂಧ್ರ ಕೊರೆದರು.

ಬಂದಾಕೆ ಅವಳು ಊಹಿಸಿದ ಹಾಗಿರಲಿಲ್ಲ. ಅವಳಿಗಿಂತ ಹತ್ತು ವರ್ಷ ಚಿಕ್ಕವಳು, ಮೂಗು ಸುರಿಯುತ್ತಿತ್ತು, ಪ್ರಯಾಣದಿಂದ ಕಣ್ಣು ಕೆಂಪಾಗಿತ್ತು. ಇದೇ ದೇಶದಲ್ಲಿ ಹುಟ್ಟಿ, ಶಾಲೆ ಮುಗಿಸುವ ಮೊದಲೇ ಅಪ್ಪ ಅಮ್ಮನ ಜೊತೆ ಹೊರಟುಹೋದವಳಂತೆ. ಡೀನ್ ಮತ್ತು ಇನ್ನೂ ನಾಲ್ಕು ಮಂದಿ ಆಕೆಯ ಸುತ್ತ ನಡೆಯುತ್ತಿದ್ದರು. ಹಾಲ್‌ನ ಬಾಗಿಲಲ್ಲಿ ನಿಂತಿದ್ದ ತುಕ್ಕಮ್ಮನನ್ನು ತೋರಿಸಿ, ಇವರು ಇಲ್ಲಿಯ ಉಸ್ತುವಾರಿ ನೋಡಿಕೊಳ್ಳುತ್ತಾರೆ ಎಂದು ಡೀನ್ ಪರಿಚಯಿಸಿದ. ಹೇಳುವಾಗ ಅವಳ ಮುಖ ನೋಡಲಿಲ್ಲ.

ಅತಿಥಿ ನೇರ ಚೌಕಟ್ಟುಗಳ ಹತ್ತಿರ ಹೋಗಿ ಬಗ್ಗಿದಳು. ಹತ್ತಿಯ ಬತ್ತಿಯನ್ನು ಬೆರಳಿನಿಂದ ಮುಟ್ಟಿ, ಬೆರಳನ್ನು ನಾಲಿಗೆಗೆ ಒತ್ತಿ ಉಪ್ಪು ನೋಡಿದಳು. ಆಮೇಲೆ ಅಲ್ಲಿಂದಲೇ ತಲೆಯೆತ್ತಿ, "ಈ ಏರ್ಪಾಡಿನ ಬಗ್ಗೆ ಓದಿದ್ದೀನಿ. ಬರೆದದ್ದು ನೀವೇ ಅಲ್ವಾ?" ಎಂದು ಕೇಳಿದಳು.

ತುಕ್ಕಮ್ಮ ಹೌದೆಂದಳು. ಡೀನ್‌ಗೆ ಒಮ್ಮೆಲೇ ಕೆಮ್ಮು ಬಂತು. ಅಲ್ಲಿಂದ ಮುಂದೆ ಇಬ್ಬರು ಹೆಂಗಸರೇ ಮಾತಾಡಿದರು. ಬಿರುಕು ಎಲ್ಲಿ ಹುಟ್ಟುತ್ತದೆ, ಹರಿದ ಎರಡರ ತುದಿ ಹೇಗಿತ್ತು, ಬೇಸಿಗೆಯಲ್ಲಿ ಬತ್ತಿಗೆ ಉಪ್ಪು ಕಟ್ಟಿಕೊಂಡರೆ ಏನು ಮಾಡುತ್ತೀರಿ. ಉಳಿದವರು ಕೈಕಟ್ಟಿ ನಿಂತಿದ್ದರು. ಬಹಳ ವರ್ಷಗಳ ಮೇಲೆ ತನ್ನ ಮಾತನ್ನು ಅರ್ಧಕ್ಕೇ ಹಿಡಿದು ಮುಂದುವರಿಸುವ ಒಬ್ಬರು ಸಿಕ್ಕಿದ್ದರು. ಅವಳಿಗೆ ಸಂತೋಷವಾಯಿತು. ಸಂತೋಷವಾದದ್ದಕ್ಕೆ ಇನ್ನಷ್ಟು ಸಿಟ್ಟೂ ಬಂತು.

ಸಂಜೆ ಅತಿಥಿ ಒಬ್ಬಳೇ ಕ್ಯಾಂಟೀನಿಗೆ ಬಂದು ಅವಳೆದುರು ಚಹಾ ಇಟ್ಟುಕೊಂಡು ಕೂತಳು. ಸುತ್ತಿಬಳಸಿ ಮಾತಾಡುವವಳಲ್ಲ. ತಾನು ಇಲ್ಲಿ ಬಂದು ಇರುವುದಿಲ್ಲ, ವರ್ಷಕ್ಕೆ ಮೂರು ವಾರ ಬರುತ್ತೇನೆ, ಒಪ್ಪಂದ ಆಗಿರುವುದೇ ಹಾಗೆ ಎಂದಳು. ಇಂಥ ಒಪ್ಪಂದ ಇನ್ನೆರಡು ದೇಶಗಳಲ್ಲೂ ಇದೆಯಂತೆ. ಎಲ್ಲ ಕಡೆಯೂ ಒಂದು ಹಾಲ್, ಒಂದು ಫಲಕ.

"ಅವರಿಗೆ ನನ್ನ ಹೆಸರು ಬೇಕು. ನನಗೆ ಈ ತಂತಿಗಳು ಬೇಕು. ನಿಮಗೆ ಜಾಗ ಬೇಕು. ಚೌಕಟ್ಟು ತೆಗೀಬಾರದು ಅಂತ ನಾನು ಹೇಳ್ತೀನಿ, ಅವರು ಕೇಳ್ತಾರೆ. ನೀವು ನನ್ನ ತಂಡದಲ್ಲಿ ಇರಿ. ಈಗ ಮಾಡ್ತಿರೋದನ್ನೇ ಮಾಡಿ. ಲೇಖನದಲ್ಲಿ ನಿಮ್ಮ ಹೆಸರೂ ಇರತ್ತೆ."

ಅತಿಥಿಯ ಮನಸ್ಸಿನಲ್ಲಿ ಮೋಸವಿರಲಿಲ್ಲ. ಉಪಕಾರ ಮಾಡುತ್ತಿದ್ದೇನೆಂದೇ ತಿಳಿದಿದ್ದಳು. ಒಂದು ರೀತಿಯಲ್ಲಿ ಅದು ಉಪಕಾರವೇ. ಒಪ್ಪಿಕೊಂಡರೆ ತಂತಿಗಳು ಉಳಿಯುತ್ತವೆ. ಬೇಸಿಗೆಯಲ್ಲಿ ಕೆಲಸ ಹೋಗುವುದಿಲ್ಲ. ಡೀನ್ ಎದುರಿಗೆ ಸಿಕ್ಕಾಗ ನಗಬಹುದು. ಆದರೆ 'ಹೆಸರೂ' ಎಂಬ ಆ ಮಾತಿನ ಕೊನೆಯ ದೀರ್ಘ ತುಕ್ಕಮ್ಮನ ಕಿವಿಯಲ್ಲಿ ಸಿಕ್ಕಿಹಾಕಿಕೊಂಡಿತು. ನಾಲ್ಕು ವರ್ಷ ಹಬ್ಬವೆನ್ನದೆ ಜ್ವರವೆನ್ನದೆ ಬಂದು ನೀರು ತುಂಬಿದವಳ ಹೆಸರು ಕೊನೆಗೆ ಒಂದು ಕೊಂಬಿನಲ್ಲಿ ನೇತಾಡಬೇಕು. ನಾಳೆ ಹೇಳುತ್ತೇನೆ ಎಂದು ಎದ್ದಳು.

ಮರುದಿನ ಬೆಳಿಗ್ಗೆ ಸೇತುವೆ ಮಂಡಳಿಯ ಹಿರಿಯ ಇಂಜಿನಿಯರಿಗೆ ಫೋನ್ ಮಾಡಿದಳು. ಮುಖ ಸಿಂಡರಿಸಿಕೊಂಡೇ ಇರುವ ಮನುಷ್ಯ, ಆದರೆ ಅವಳು ಕಳಿಸುವ ವರದಿಗಳನ್ನು ಕೊನೆಯ ಸಾಲಿನವರೆಗೆ ಓದುತ್ತಿದ್ದವರು ಅವರೊಬ್ಬರೇ. ಹೋದ ವರ್ಷ ಅವಳ ಮಾತಿನ ಮೇಲೆ ಸೇತುವೆಯ ಒಂದು ಹಗ್ಗವನ್ನೇ ಬದಲಿಸಿದ್ದರು. ಅವಳು ಎರಡೇ ವಿಷಯ ಕೇಳಿದಳು. ತಂತಿಗಳು ಯಾರವು? ನಮ್ಮವು ಎಂದರು. ನನಗೊಂದು ಜಾಗ ಕೊಡ್ತೀರಾ?

"ಸೇತುವೆ ಕೆಳಗೆ ಷೆಡ್ ಇದೆ. ಕರೆಂಟ್ ಇದೆ, ಆಗಾಗ. ಇಲಿ ಇವೆ, ಯಾವಾಗಲೂ. ತಪಾಸಣೆ ವಿಭಾಗದಲ್ಲಿ ಒಂದು ಕೆಲಸ ಖಾಲಿ ಇದೆ. ನಿಮ್ಮ ಓದಿಗೆ ತಕ್ಕದ್ದಲ್ಲ."

"ಖಾಯಂ ಕೆಲಸಾನಾ?"

"ಸೇತುವೆ ಇರೋವರೆಗೆ," ಎಂದರು ಇಂಜಿನಿಯರ್.

ಮೇಲಿನ ಸಭಾಂಗಣದಲ್ಲಿ ಒಪ್ಪಂದಕ್ಕೆ ಸಹಿ ಹಾಕುವ ಸಮಾರಂಭ ಶುರುವಾಗಿತ್ತು. ಧ್ವನಿವರ್ಧಕದಲ್ಲಿ ಯಾರೋ ದೇಶದ ಸ್ಪರ್ಧಾಶಕ್ತಿಯ ಬಗ್ಗೆ ಮಾತಾಡುತ್ತಿರುವುದು ಕೆಳಗಿನ ಹಾಲ್‌ಗೂ ಕೇಳಿಸುತ್ತಿತ್ತು. ತುಕ್ಕಮ್ಮ ಜ್ಯಾಕನ್ನು ಮೊದಲ ಸನ್ನೆಯ ಕೆಳಗೆ ಇಟ್ಟಳು. ಕೈ ಒಂದು ಕ್ಷಣ ನಿಂತಿತು. ಹನಿ ಬಿತ್ತು. ಇನ್ನೊಂದು ಹನಿ ಬಿತ್ತು. ಜ್ಯಾಕಿನ ಹಿಡಿ ತಿರುಗಿಸಿದಳು. ಸನ್ನೆ ಮೇಲೆದ್ದಿತು, ಬಿಗಿದುಕೊಂಡಿದ್ದ ತಂತಿ ಸಡಿಲವಾಗಿ ಸ್ವಲ್ಪ ಬಾಗಿತು. ಬಿಲ್ಲೆಗಳನ್ನು ಒಂದೊಂದಾಗಿ ತೆಗೆದು ನೆಲಕ್ಕಿಟ್ಟಳು. ಎಸೆಯಲಿಲ್ಲ. ಎರಡನೆಯದರ ಕೆಳಗೆ ಜ್ಯಾಕ್ ಇಡುವಾಗ ಕೈ ನಿಲ್ಲಲಿಲ್ಲ. ಮೇಲೆ ಚಪ್ಪಾಳೆ ಬಿದ್ದಾಗ ಅವಳು ಆರನೆಯದರ ಹತ್ತಿರ ಇದ್ದಳು. ಅಳುತ್ತಿರಲಿಲ್ಲ. ಹಲ್ಲು ಎಷ್ಟು ಕಚ್ಚಿದ್ದಳೆಂದರೆ ದವಡೆ ನೋಯುತ್ತಿತ್ತು.

ಸಮಾರಂಭ ಮುಗಿಸಿ ಎಲ್ಲರೂ ಹಾಲ್ ನೋಡಲು ಇಳಿದು ಬರುವ ಹೊತ್ತಿಗೆ ಕೊನೆಯ ತಂತಿಯೂ ಇಳಿದಿತ್ತು. ಹತ್ತನ್ನೂ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಕಟ್ಟುತ್ತಿದ್ದಳು. ಡೀನ್ ಬಾಗಿಲಲ್ಲೇ ನಿಂತ. ಅವನ ಕೋಟಿನ ಮೇಲೆ ಹೂವಿತ್ತು. ಖಾಲಿ ಸನ್ನೆಗಳನ್ನು ನೋಡಿದ, ಬಿಲ್ಲೆಗಳ ರಾಶಿಯನ್ನು ನೋಡಿದ. ಆ ಗಳಿಗೆಯಲ್ಲಿ ಮಾತ್ರ ಅವನ ಮುಖದಲ್ಲಿ ಹಳೆಯ ಸಹಪಾಠಿ ಕಾಣಿಸಿದ.

"ನಾಲ್ಕು ವರ್ಷದ್ದು ಕಣೆ," ಎಂದ. "ಏನು ಮಾಡಿದೆ ನೀನು?"

"ನಾಲ್ಕು ವರ್ಷದ್ದು ಅಂತ ನನಗೆ ಹೇಳ್ತೀಯಾ? ಇಲ್ಲಿದ್ದದ್ದು ಯಾರು?" ಅವಳ ಧ್ವನಿ ಏರಲಿಲ್ಲ. ಹಿಂದೆ ನಿಂತವರೆಲ್ಲರಿಗೂ ಕೇಳಿಸಿತು. "ಹಾಲ್ ನಿಂದು. ತಗೋ. ಸೋಫಾ ಹಾಕು. ತಂತಿ ಸೇತುವೆಯವರದ್ದು, ಅವರಿಗೆ ವಾಪಸ್ ಕೊಡ್ತಿದ್ದೀನಿ. ನಾಲ್ಕು ವರ್ಷ ನಂದು. ಅದನ್ನ ಯಾರ ಹೆಸರಿನ ಕೆಳಗೂ ಬರೆಯೋಕೆ ಬಿಡಲ್ಲ."

ಅತಿಥಿ ಒಳಗೆ ಬಂದಳು. ಮೂಗಿಗೆ ಕರವಸ್ತ್ರ ಒತ್ತಿಕೊಂಡು ಖಾಲಿ ಚೌಕಟ್ಟಿನ ಎದುರು ಬಹಳ ಹೊತ್ತು ನಿಂತಿದ್ದಳು. ಹೊರಡುವಾಗ ತುಕ್ಕಮ್ಮನ ಹತ್ತಿರ ಬಂದು, ಇಳಿಸಿದ ತಂತಿಗಳನ್ನು ಒಣಗಲು ಬಿಡಬೇಡಿ, ಬೇಗ ಕತ್ತರಿಸಿ ಒಳಗೆ ನೋಡಿ, ಅಷ್ಟಾದರೂ ಉಳಿಯುತ್ತದೆ ಎಂದಳು. ಗೊತ್ತು ಎಂದಳು ತುಕ್ಕಮ್ಮ. ಗೇಟಿನಲ್ಲಿ ಕಾವಲಿನವನು ಹೊರೆಯನ್ನು ತಡೆದ. ಅಲ್ಲಿಯೇ ಮಂಡಳಿಯ ಲಾರಿ ಬಂದು ನಿಂತಿತ್ತು. ಇಂಜಿನಿಯರ್ ಇಳಿದು ಬಂದು ಅವನೊಡನೆ ಎರಡು ಮಾತಾಡಿದರು. ಅವನು ದಾರಿ ಬಿಟ್ಟ.

ಮನೆಗೆ ಬಂದವಳು ಬಾಗಿಲು ಹಾಕಿಕೊಂಡು ಅತ್ತಳು. ಸರಿ ಮಾಡಿದೆನೋ ಇಲ್ಲವೋ ಎಂದು ಗಂಡನನ್ನು ಕೇಳಿದಳು. ಅವನು, ನನಗೆ ಗೊತ್ತಿಲ್ಲ ಕಣೆ ಎಂದ. ಅವನು ಹೌದು ಎಂದಿದ್ದರೂ ಇಲ್ಲ ಎಂದಿದ್ದರೂ ಅವಳು ಜಗಳವಾಡುತ್ತಿದ್ದಳು.

ಹಾಲ್ ತಯಾರಾಯಿತು. ಹಿತ್ತಾಳೆಯ ಫಲಕ ಕೂತಿತು. ಪತ್ರಿಕೆಗಳಲ್ಲಿ ಚಿತ್ರ ಬಂತು. ವಿಶ್ವವಿದ್ಯಾಲಯ ನಿಜವಾಗಿಯೂ ಸಾಲಿನಲ್ಲಿ ಮೇಲೇರಿತು, ಡೀನ್‌ಗೆ ಸನ್ಮಾನವಾಯಿತು. ಅತಿಥಿ ಮೊದಲ ವರ್ಷ ಮೂರು ವಾರ ಬಂದಳು. ಎರಡನೆಯ ವರ್ಷ ಬರಲಿಲ್ಲ. ಇನ್ಯಾವುದೋ ದೇಶ ಇನ್ನೂ ದೊಡ್ಡ ಹಾಲ್ ಕೊಟ್ಟಿತಂತೆ. ಏರಿದ ಮೆಟ್ಟಿಲುಗಳನ್ನು ವಿಶ್ವವಿದ್ಯಾಲಯ ಹಾಗೆಯೇ ಇಳಿಯಿತು.

ತುಕ್ಕಮ್ಮ ಬೆಳಿಗ್ಗೆ ಸೇತುವೆಯ ಹಗ್ಗಗಳ ತಪಾಸಣೆ ಮಾಡುತ್ತಿದ್ದಳು, ಮಧ್ಯಾಹ್ನದ ಮೇಲೆ ಷೆಡ್ಡಿನಲ್ಲಿ ತನ್ನ ಕೆಲಸ. ಇಳಿಸಿದ ಹತ್ತು ತಂತಿಗಳನ್ನು ಕತ್ತರಿಸಿ ನೋಡಿ ಒಂದು ಲೇಖನ ಬರೆದಳು. ಅದರಲ್ಲಿ ಒಂದೇ ಹೆಸರಿತ್ತು. ಮೊದಲಿಟ್ಟುಕೊಂಡಿದ್ದ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ. ಅದಕ್ಕೆ ಹೊಸ ತಂತಿಗಳನ್ನು ಮೊದಲಿನಿಂದ ಏರಿಸಬೇಕಿತ್ತು. ಷೆಡ್ಡಿನ ನೆಲ ಸೇತುವೆಯ ಮೇಲೆ ಲಾರಿ ಹೋದಾಗಲೆಲ್ಲ ಅದುರುತ್ತಿತ್ತು. ಅದುರು ತಡೆಯುವ ಹಾಸು ಹಾಕಿ, ಚೌಕಟ್ಟಿಗೆ ಬೆಸುಗೆ ಹಾಕಿಸಿ, ಬಿಲ್ಲೆ ಎರಕ ಹೊಯ್ಯಿಸುವುದರಲ್ಲೇ ಎರಡು ವರ್ಷ ಕಳೆಯಿತು. ಕೆಲವು ದಿನ ಸಿಟ್ಟು ಹಳೆಯದಾಯಿತು ಎನ್ನಿಸುತ್ತಿತ್ತು. ಯಾವುದೋ ಪತ್ರಿಕೆಯಲ್ಲಿ 'ಪ್ರತಿಭೆ' ಎಂಬ ಶಬ್ದ ಕಂಡರೆ ಸಾಕು, ಅದು ಮತ್ತೆ ಮೊದಲಿನ ಹಾಗೆಯೇ ಏಳುತ್ತಿತ್ತು.

ಡೀನ್ ಷೆಡ್ಡಿಗೆ ಬಂದದ್ದು ಅಂಥ ಒಂದು ಮಧ್ಯಾಹ್ನ. ಅವಳ ಜೊತೆ ಕೆಲಸ ಮಾಡುವ ಫಿಟ್ಟರ್ ಮೇಲೆ ಸೇತುವೆಗೆ ಹೋಗಿದ್ದ. ಅವಳು ಒಬ್ಬಳೇ ಮೊದಲ ಹೊಸ ತಂತಿಯನ್ನು ಚೌಕಟ್ಟಿಗೆ ಏರಿಸಲು ಹೆಣಗುತ್ತಿದ್ದಳು. ಡೀನ್ ಕೂರಲು ಜಾಗ ಹುಡುಕಿದ, ಸಿಗಲಿಲ್ಲ. ಅವನ ತೂಕ ಇಳಿದಿತ್ತು, ಕೂದಲು ನೆರೆತಿತ್ತು. ಷೆಡ್ ಚೆನ್ನಾಗಿದೆ ಎಂದ. ಆಮೇಲೆ ಬಂದ ವಿಷಯ ಹೇಳಿದ. ಹಾಲ್ ಖಾಲಿ ಬಿದ್ದಿದೆ. ಯೋಜನೆಯ ಜಾಗವೂ ಖಾಲಿ. ಈ ಸಲವೂ ಯಾರನ್ನೂ ತರದಿದ್ದರೆ ವಿಭಾಗವನ್ನೇ ಮುಚ್ಚುತ್ತಾರೆ. ನಿಯಮಗಳನ್ನು ಅವನು ಕೂತು ಓದಿದ್ದನಂತೆ, ಒಂದೊಂದು ಸಾಲೂ.

"ಹೊರಗೆ ಅಂದ್ರೆ ಹೊರದೇಶಾನೇ ಆಗಬೇಕು ಅಂತ ಎಲ್ಲೂ ಇಲ್ಲ. ವಿಶ್ವವಿದ್ಯಾಲಯದ ಹೊರಗೆ ಅಂತಿದೆ, ಅಷ್ಟೆ." ಅವನು ಕನ್ನಡಕ ತೆಗೆದ. "ಎರಡು ವರ್ಷ ಆಯ್ತಲ್ಲ. ನೀನೀಗ ಹೊರಗಿನವಳು ಕಣೆ. ಅರ್ಹತೆ ಬಂದಿದೆ."

ತುಕ್ಕಮ್ಮ ಅವನನ್ನು ನೋಡಿದಳು. ಮೇಲೆ ಬಸ್ಸೊಂದು ಹೋಯಿತು, ತಗಡಿನ ಮಾಡು ಗಡಗಡ ಎಂದಿತು. ಕೈಯಲ್ಲಿದ್ದ ತಂತಿಯ ಮೇಲ್ತುದಿಯನ್ನು ಅವನ ಕಡೆಗೆ ಚಾಚಿದಳು.

"ಇದನ್ನ ಒಮ್ಮೆ ಏರಿಸಿದ್ರೆ ಮತ್ತೆ ಇಳಿಸಲ್ಲ. ಹಿಡ್ಕೋ. ಬಿಡಬೇಡ."

ಅವನು ಹಿಡಿದುಕೊಂಡ. ಎರಡೂ ಕೈಯಲ್ಲಿ ಹಿಡಿದು, ಚೌಕಟ್ಟಿನ ತುತ್ತತುದಿಗೆ ಒತ್ತಿ, ತುದಿಗಾಲಲ್ಲಿ ನಿಂತ. ಬಿಟ್ಟರೆ ತಂತಿ ಸುರುಳಿಯಾಗಿ ಚಿಮ್ಮಿ ಮುಖಕ್ಕೆ ಹೊಡೆಯುತ್ತದೆಂದು ಅವನಿಗೂ ಗೊತ್ತಿತ್ತು. ಕೋಟಿನ ತೋಳು ಜಾರಿ, ಡಬ್ಬಿಯಿಂದ ಸೋರಿದ ಉಪ್ಪುನೀರು ಅವನ ಮಣಿಕಟ್ಟಿನ ಮೇಲೆ ಹನಿಯಿತು. ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನ್ ಹೊಡೆದುಕೊಳ್ಳತೊಡಗಿತು. ಅವನು ಜೇಬಿನ ಕಡೆ ನೋಡಿದ, ಅವಳ ಕಡೆ ನೋಡಿದ. ಫೋನ್ ನಿಂತಿತು, ಮತ್ತೆ ಶುರುವಾಯಿತು. ತುಕ್ಕಮ್ಮ ಕೆಳಗೆ ಕುಕ್ಕರಗಾಲಲ್ಲಿ ಕೂತು, ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸಿ, ಮೊದಲ ಬೋಲ್ಟನ್ನು ತಿರುಗಿಸತೊಡಗಿದಳು. ಒಂದು ಸುತ್ತು ತಿರುಗಿಸಿ ತಂತಿಯನ್ನು ನೋಡುವುದು, ಮತ್ತೆ ಅರ್ಧ ಸುತ್ತು.